ಈರುಳ್ಳಿ ಇಲ್ಲದ ಸಾರು

ನನ್ನ ಅಡುಗೆಮನೆಯ ಬಗ್ಗೆ ನನಗೆ ಹೆಮ್ಮೆ ಇದೆ. ಅದನ್ನು ಸೊಕ್ಕು ಎನ್ನುವವರೂ ಇದ್ದಾರೆ, ಅಂದುಕೊಳ್ಳಲಿ. ನಾನು ಹಳೇಬೀಡಿಗೆ ಸೊಸೆಯಾಗಿ ಬಂದಾಗಿನಿಂದ ಈರುಳ್ಳಿ, ಬೆಳ್ಳುಳ್ಳಿ ಈ ಮನೆಯ ಹೊಸಿಲು ದಾಟಿಲ್ಲ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರೂ ಅಲ್ಲ. ನಮ್ಮ ಮನೆ ಕಾಯುವ ನಾಯಿಗೂ ಅದೇ ಪದ್ಧತಿ. ಬೆಳಕಿರುವಾಗಲೇ ಅದಕ್ಕೆ ಅನ್ನ, ಮೇಲೊಂದಿಷ್ಟು ಮೊಸರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅದರಲ್ಲಿ ಮೊದಲರ್ಧ ನನಗೆ ಗೊತ್ತು, ಎರಡನೆಯದು ಇವತ್ತಿಗೂ ಬಂದಿಲ್ಲ.

ಪಕ್ಕದ ಮನೆಯವಳಿಗೆ ನಮ್ಮ ನಾಯಿಯ ಊಟ ದಿನದ ತಮಾಷೆ. ರಾಗಿ, ತೆಂಗು ಬೆಳೆಯುವ ಮನೆತನ ಅವರದು. ನನಗಿಂತ ಚಿಕ್ಕವಳು, ನಾಲಿಗೆ ಮಾತ್ರ ನನ್ನಷ್ಟೇ ಉದ್ದ. "ಅಕ್ಕಾ, ನಾಯೀಗೂ ದೀಕ್ಷೆ ಕೊಡ್ಸಿಬಿಟ್ರಾ? ಮೊಕ ನೋಡ್ರಿ, ಯಾವಾಗ್ಲೂ ಉಪಾಸ ಇದ್ದಂಗೈತೆ" ಎಂದು ಬೇಲಿಯಾಚೆಯಿಂದ ಕೆಣಕುತ್ತಿದ್ದಳು. ಅವಳ ಕಂದು ನಾಯಿ ಮೈಕೈ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು, ಸುಳ್ಳು ಹೇಳಲಾರೆ. ಹೊಲಕ್ಕೆ ಹೋಗಲಿ, ಡೇರಿಗೆ ಹಾಲು ಹಾಕಲು ಹೋಗಲಿ, ಅದು ಅವಳ ಹಿಂದೆಯೇ. ಅದಿಲ್ಲದೆ ಅವಳು ಬೀದಿಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ರಾಗಿ ಕುಯ್ಲಿನ ಹೊತ್ತಿಗೆ ಆ ನಾಯಿ ಸಪ್ಪಗಾಯಿತು. ಹೊಟ್ಟೆಯಲ್ಲಿ ಹುಳ ಎಂದುಕೊಂಡ ಅವಳು ಬೆಳ್ಳುಳ್ಳಿ ಜಜ್ಜಿ, ಈರುಳ್ಳಿ ಸಾರಿನಲ್ಲಿ ಮುದ್ದೆ ಕಲಸಿ ತಿನ್ನಿಸತೊಡಗಿದಳು. "ಹುಳಕ್ಕೆ ಬೆಳ್ಳುಳ್ಳಿಗಿಂತ ಮದ್ದಿಲ್ಲ ಕಣಕ್ಕ" ಅಂದಳು. ನಾಯಿ ಇನ್ನಷ್ಟು ಸೋತಿತು. ಮದ್ದು ಸಾಲದೇನೋ ಎಂದು ಅವಳು ಇನ್ನಷ್ಟು ಜಜ್ಜಿದಳು.

ಒಂದು ಬೆಳಿಗ್ಗೆ ಬೇಲಿಯಾಚೆ ಸದ್ದೇ ಇರಲಿಲ್ಲ. ಹೋಗಿ ನೋಡಿದರೆ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ನಾಯಿ ಏದುಸಿರು ಬಿಡುತ್ತಿತ್ತು. ತುಟಿ ಎತ್ತಿ ನೋಡಿದೆ, ಒಸಡು ಸುಣ್ಣದಂತೆ ಬಿಳುಚಿತ್ತು. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ಇದು ಹೋದ್ರೆ ನಾನು ಹೊಲದ ಕಡೀಕೆ ಕಾಲಿಡಾಕಿಲ್ಲ ಕಣಕ್ಕ" ಅಂದಳು.

"ಅಳೋದು ಆಮೇಲೆ ಕಣೇ, ಮೊದ್ಲು ಆಟೋ ಕರೆಸು" ಎಂದು ಗದರಿದೆ. ನಾಯಿಯನ್ನು ಎತ್ತಿ ಒಯ್ಯಲು ಗೋಣಿಚೀಲ ಹಾಸಿದೆ.

ಬೇಲೂರಿನ ಪಶು ವೈದ್ಯರು ನಾಯಿಗೆ ಏನೇನು ಹಾಕಿದಿರಿ ಎಂದು ಕೇಳಿದರು. ಅವಳು ಹೇಳುತ್ತಾ ಹೋದಂತೆ ಅವರ ಮುಖ ಗಂಭೀರವಾಯಿತು. "ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ ಅಮ್ಮಾ, ಬೆಕ್ಕಿಗೆ ಇನ್ನೂ ಜಾಸ್ತಿ. ರಕ್ತದ ಕಣಗಳು ಒಡೆದುಹೋಗುತ್ತವೆ. ಬೇಯಿಸಿದ್ರೂ ಅಷ್ಟೇ, ಹೋಳು ತೆಗೆದು ಬರೀ ಸಾರು ಹಾಕಿದ್ರೂ ಅಷ್ಟೇ. ಉಳಿಯುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ" ಎಂದು ಡ್ರಿಪ್ ಹಾಕಿದರು.

ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. "ನಮ್ಮನೇಲಿ ಆ ಪದಾರ್ಥವೇ ಇಲ್ಲ ಡಾಕ್ಟ್ರೇ. ಹಬ್ಬದಲ್ಲಿ ನಮ್ಮ ನಾಯಿಗೆ ದ್ರಾಕ್ಷಿ ಹಾಕಿದ ಪಾಯಸವನ್ನೂ ಇಡ್ತೀನಿ" ಅಂದೆ.

"ದ್ರಾಕ್ಷಿ ಕೂಡದು ಅಮ್ಮಾ, ಒಣಗಿದ್ದೂ ಬೇಡ, ಹಸೀದೂ ಬೇಡ. ಕಿಡ್ನಿ ಕೆಡುತ್ತೆ. ಚಾಕಲೇಟೂ ಕೊಡಬೇಡಿ."

ಅಳುತ್ತಿದ್ದವಳು ಸೆರಗಿನೊಳಗೇ ಕಿಸಕ್ಕೆಂದಳು. ನನ್ನ ಹೆಮ್ಮೆ ಒಂದಂಗುಲ ಇಳಿಯಿತು, ಅದಕ್ಕಿಂತ ಹೆಚ್ಚಲ್ಲ. ನಮ್ಮ ನಾಯಿಯ ಅದೃಷ್ಟ ದೊಡ್ಡದು, ಪಾಯಸ ಇಟ್ಟಾಗಲೆಲ್ಲ ಮೂಸಿ ಬಿಟ್ಟುಬಿಡುತ್ತಿತ್ತು.

ಡ್ರಿಪ್ ಮುಗಿದು ಮನೆಗೆ ಬಂದ ಮೇಲೆ ಅವಳ ನಾಯಿಯ ಊಟದ ಹೊಣೆ ನಾನೇ ಹೊತ್ತೆ. ಮೆತ್ತಗೆ ಬೆಂದ ಅನ್ನ, ಖಾರವಿಲ್ಲದ ಬೇಳೆ. ಬೇಯಿಸಿದ ಮೊಟ್ಟೆಯನ್ನೂ ಕೊಡಿ ಎಂದಿದ್ದರು ಡಾಕ್ಟರು. ಅದು ನನ್ನ ಒಲೆಯ ಮೇಲಾಗದ ಕೆಲಸ, ಹಾಗಾಗಿ ಮೊಟ್ಟೆ ಅವಳ ಪಾಲಿಗೆ ಬಂತು. ದಿನವೂ ತುಟಿ ಎತ್ತಿ ಒಸಡು ನೋಡುತ್ತಿದ್ದೆ. ಮೆಲ್ಲಮೆಲ್ಲಗೆ ಕೆಂಪೇರಿತು. ಒಂದು ದಿನ ಅವಳು ಹಾಲಿನ ಕ್ಯಾನ್ ಹಿಡಿದು ಹೊರಟಾಗ ಅದೂ ಎದ್ದು, ತುಸು ಓಲಾಡುತ್ತಾ ಅವಳ ಹಿಂದೆ ನಡೆಯಿತು. ನಾನು ಬಾಗಿಲಲ್ಲಿ ನಿಂತು, ಹೆತ್ತ ಮಗು ಮೊದಲ ಹೆಜ್ಜೆ ಇಟ್ಟಷ್ಟು ಬೀಗಿದೆ.

ಆಮೇಲೆ ಅವಳು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಒಂದು ಮಧ್ಯಾಹ್ನ ಕರೆದಳು. "ಅಕ್ಕಾ, ಒಸಿ ಬನ್ನಿ. ನಾಯೀಗೆ ಅಂತ ಹೊಸಾ ಪಾತ್ರೆ ತಂದು ಈರುಳ್ಳಿ ಬೆಳ್ಳುಳ್ಳಿ ಇಲ್ದಂಗೆ ಬೇಳೆ ಮಾಡ್ದೆ. ಮೊಟ್ಟೆ ಬೇಯ್ಸೋ ಪಾತ್ರೆ ಬ್ಯಾರೆ ಐತೆ. ಮಾಡಿ ಇಳಿಸಿದ ಮ್ಯಾಲೆ ನೆಪ್ಪಾಯ್ತು, ಇದನ್ನ ನೀವೂ ಉಣ್ಬೋದಲ್ವಾ?"

ಇಷ್ಟು ವರ್ಷ ಬೇಲಿ ಹಂಚಿಕೊಂಡಿದ್ದರೂ ಆ ಮನೆಯಲ್ಲಿ ಬಾಳೆಹಣ್ಣು, ಎಳನೀರು ಬಿಟ್ಟು ನಾನು ಏನನ್ನೂ ಬಾಯಿಗೆ ಹಾಕಿರಲಿಲ್ಲ. ಹಬ್ಬದಲ್ಲೂ ಅವಳು ಕರೆದು ಸೋತಿದ್ದಳು. ಈಗ ಎಲೆ ಹಾಕಿ, ಅನ್ನದ ಮೇಲೆ ಬೇಳೆ ಬಡಿಸಿ, ಪರೀಕ್ಷೆಗೆ ಕೂತವಳ ಹಾಗೆ ನನ್ನ ಮುಖ ನೋಡುತ್ತಾ ನಿಂತಳು. ಅದಕ್ಕೆ ಉಪ್ಪಿರಲಿಲ್ಲ, ಖಾರವಿರಲಿಲ್ಲ. ಅಡುಗೆಯಲ್ಲಿ ಕೊಂಕು ತೆಗೆಯದೆ ಬಿಟ್ಟವಳಲ್ಲ ನಾನು. ಆದರೆ ಎಲೆಯಲ್ಲಿದ್ದುದನ್ನು ಒಂದಗುಳೂ ಬಿಡದೆ ಉಂಡೆ.

"ಇನ್ನೊಂದು ಸೌಟು ಹಾಕೇ" ಅಂದೆ.