ಹೊಗೆಗೆ ಎರಡು ಪಾಳಿ

ಮನೆಯಲ್ಲಿ ಯಾರೂ ಹೇಳದೆ ನಾನು ಮಾಡುವ ಕೆಲಸವೆಂದರೆ ಕನ್ನಡಕ ಒರೆಸುವುದೊಂದೇ. ದಾಂಡೇಲಿಯ ಬಂಗೂರನಗರದಲ್ಲಿ ಮಾಸ್ತರಿಕೆ ಮಾಡುತ್ತ, ಕಾಗದದ ಮಿಲ್ಲಿನ ಚಿಮಣಿಯ ಮಗ್ಗುಲಲ್ಲೇ ವಾಸವಾಗಿರುವ ನನಗೆ ಅದು ಸಂಧ್ಯಾವಂದನೆಗಿಂತ ಕಟ್ಟುನಿಟ್ಟಾದ ನಿತ್ಯಕರ್ಮ. ಇಂಥವನು ಈ ಎಂಬತ್ತರ ದಶಕದ ಆರಂಭದಲ್ಲಿ, ರಜೆಯಲ್ಲಿ ಸುಮ್ಮನಿರಲಾರದೆ, ಹಳ್ಳಿಗಳಲ್ಲಿ ಹೊಗೆರಹಿತ ಒಲೆಯ ಪ್ರಚಾರಕನಾದೆನೆಂದರೆ ನೀವು ನಗಬೇಕು. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ಹಳಿಯಾಳದಾಚೆಯ ಹಳ್ಳಿಯೊಂದರಲ್ಲಿ ಮರಿಯಾಬಾಯಿ ಎಂಬ ಸಿದ್ದಿ ಹೆಣ್ಣುಮಗಳಿದ್ದಳು. ತುಂಡು ಹೊಲ, ಒಲೆಯ ಮುಂದೆ ಕೂತು ಕೂತು ಸದಾ ನೀರೊಸರುವ ಕೆಂಪು ಕಣ್ಣು. ಕಟ್ಟಿಗೆ ಉಳಿಯುತ್ತದೆ, ಕಾಡು ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ ಎಂಬ ನನ್ನ ಉಪನ್ಯಾಸವನ್ನು ನಂಬಿ ಆಕೆ ಒಪ್ಪಿದಳು. ಹೊಸ ಒಲೆಯ ಮಣ್ಣಿನ ಕೊಳವೆ ಹೊಗೆಯನ್ನು ಸೂರಿನಾಚೆ ಒಯ್ದಿತು. ನಾನು ಚಹಾ ಕುಡಿದು ಕೀರ್ತಿಶಾಲಿಯಾಗಿ ಮರಳಿದೆ.

ಬಿತ್ತನೆಯ ಹೊತ್ತಿಗೆ ಮತ್ತೆ ಹೋದಾಗ ಆಕೆ ಒಲೆಯ ಮೇಲಿನ ಅಟ್ಟಕ್ಕೆ ಕೈ ತೋರಿಸಿದಳು. ಬೀಜಕ್ಕೆಂದು ತೂಗುಹಾಕಿದ್ದ ಗೋವಿನಜೋಳದ ತೆನೆಗಳಿಂದ ಹಿಟ್ಟು ಉದುರುತ್ತಿತ್ತು.

"ಹೊಗಿ ಹೋತು ಖರೆ ಮಾಸ್ತರ್ರ. ಅದರ ಬೆನ್ನಿಗೆ ಬೀಜಾನೂ ಹೋತು ನೋಡ್ರಿ."

ಕಣ್ಣಿನ ಶತ್ರುವೆಂದು ನಾನು ಗಡೀಪಾರು ಮಾಡಿದ ಹೊಗೆಯೇ ತೆನೆಗೆ ನುಸಿ ಹತ್ತದಂತೆ ಇಷ್ಟು ಕಾಲ ಕಾಯುತ್ತಿತ್ತು! ಎಲಾ ಪಂಡಿತನೇ, ಎಂದು ನನ್ನನ್ನೇ ಬೈದುಕೊಂಡೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

"ಒಡದು ಬಿಡ್ರಿ ಬಾಯಿ, ಹಳೇ ಒಲಿನ ಇರ್ಲಿ," ಎಂದೆ.

"ಒಡೀಲಿ ಯಾಕ್ರಿ? ಕಣ್ಣು ನನ್ನವು ಅಲ್ಲೇನು? ಈ ಸಲ ತಂಗಿ ಮನೀಗೆ ಬೀಜ ಕೇಳಾಕ ಹೋಗ್ತೇನಿ. ಮುಂದಿಂದು ನೋಡೂಣು."

ಕೇಳಲು ಹೋಗುವುದು ಆಕೆಗೆ ಎಷ್ಟು ಕಷ್ಟವೆಂದು ಮುಖವೇ ಹೇಳುತ್ತಿತ್ತು.

ಮರುವರ್ಷ ಅಳುಕುತ್ತಲೇ ಹೋದೆ. ಅಟ್ಟದ ಕೆಳಗೆ ಕೊಳವೆಗೊಂದು ಕಿಂಡಿ ಕೊರೆದು, ಅದಕ್ಕೆ ಹೆಂಚಿನ ಚೂರೊಂದನ್ನು ತೇಯ್ದು ಕೂಡಿಸಿದ್ದಳು. ಅಡುಗೆ ಆಗುವವರೆಗೆ ಚೂರು ಕಿಂಡಿಯನ್ನು ಮುಚ್ಚಿರುತ್ತದೆ, ಹೊಗೆ ಹೊರಗೆ. ಅಡುಗೆ ಮುಗಿದ ಮೇಲೆ ಅದನ್ನೇ ಕೊಳವೆಯೊಳಗೆ ಅಡ್ಡ ತಳ್ಳಿ, ಕೆಂಡಕ್ಕೆ ಬೊಗಸೆ ಭತ್ತದ ಹೊಟ್ಟು ಎರಚಿ ಅಂಗಳಕ್ಕೆ ನಡೆದರಾಯಿತು, ಹೊಗೆಯೆಲ್ಲ ಅಟ್ಟಕ್ಕೆ.

"ಹೊಗೀಗೆ ಪಾಳಿ ಹಚ್ಚೇನ್ರಿ," ಎಂದು ನಕ್ಕಳು. "ನಿಮ್ಮ ಮಿಲ್‌ನ್ಯಾಗ ಮಂದೀಗೆ ಹಚ್ಚೂದಿಲ್ಲೇನು? ಮೊದಲ್ನೇ ಪಾಳಿ ಕಣ್ಣಿಗೆ, ಎರಡ್ನೇದು ಬೀಜಕ್ಕ."

ನಗುವ ಆ ಕಣ್ಣುಗಳಲ್ಲಿ ಕೆಂಪಿರಲಿಲ್ಲ. ಹೊಗೆಯನ್ನು ತೆಗಳಲು ಹೋಗಿದ್ದವನು ಹೊಗಳುತ್ತ ನಿಂತೆ. 'ಒಲೆ ಹೊಗೆರಹಿತವೇ?' ಎಂದು ಕೇಳುವ ಸರಕಾರಿ ಫಾರಮ್ಮಿನಲ್ಲಿ 'ಪಾಳಿಯ ಪ್ರಕಾರ' ಎಂದು ಬರೆದೆ.

ಹೊರಡುವಾಗ ಅಟ್ಟದಿಂದ ಒಂದು ತೆನೆ ಇಳಿಸಿ ಕೈಗಿಟ್ಟಳು.

"ಇಟ್ಕೋರಿ. ಈ ಸಲ ನಾ ಯಾರ ಮನೀಗೂ ಬೀಜ ಕೇಳಾಕ ಹೋಗಿಲ್ಲ."

ತೆನೆ ಈಗ ನನ್ನ ಮೇಜಿನ ಮೇಲಿದೆ. ಅದನ್ನು ಮುಟ್ಟಿದ ಕೈಯಲ್ಲೇ ಕನ್ನಡಕ ಸರಿಪಡಿಸಿಕೊಂಡಿದ್ದರಿಂದ ಗಾಜಿಗೆ ಮಸಿ ಹತ್ತಿದೆ. ಇವತ್ತು ಒರೆಸಿಲ್ಲ.