ಎರಡು ಲೋಟ ಗಂಜಿತಿಳಿ

ಇವತ್ತು ಬೆಳಿಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಬುತ್ತಿ ಬಿಚ್ಚಿದರು. ಕುಚ್ಚಲಕ್ಕಿ ಗಂಜಿಯ ಪರಿಮಳ. ನಿಮಗಾದರೆ ಹಸಿವಾಗುತ್ತಿತ್ತು, ನನಗೆ ಬೆನ್ನು ಚುರುಕ್ ಎಂದಿತು. ನಗಬೇಡಿ, ಕಾರಣ ಹೇಳುತ್ತೇನೆ.

ಗಂಜಿ ಊಟವೋ ಅಲ್ಲವೋ ಎಂದು ಮಂಗಳೂರಿನಲ್ಲಿ ಬೇಕಾದರೆ ವಾದ ಮಾಡಬಹುದು. ಗಂಜಿಯ ತಿಳಿ ಮಾತ್ರ ಊಟದ ಲೆಕ್ಕಕ್ಕೇ ಇಲ್ಲ. ಜ್ವರಕ್ಕೆ ತಿಳಿ, ಬಿಸಿಲಿಗೆ ತಿಳಿ, ಸುಮ್ಮನೆ ಬೇಸರವಾದರೂ ತಿಳಿ. ನನ್ನ ಮಾಮಿ, ಎಂದರೆ ಗಂಡನ ತಾಯಿ, ಈ ಮತದ ಕಟ್ಟಾ ಅನುಯಾಯಿ. ಉಳ್ಳಾಲದಲ್ಲಿ ಮೀನು ಮಾರಿ ಮಕ್ಕಳನ್ನು ಸಾಕಿದವರು. ಅವರ ಬಾಯಿಗೆ ಮೀನು ಇಳಿಸುವ ದಕ್ಕೆಯ ದಲ್ಲಾಳಿಗಳೇ ಹೆದರುತ್ತಿದ್ದರು, ಇನ್ನು ಹೊಸ ಸೊಸೆ ನಾನು ಯಾವ ಲೆಕ್ಕ?

ಆಗ ನಾನು ಬಸುರಿಯೆಂದು ಗೊತ್ತಾಗಿ ಸ್ವಲ್ಪ ದಿನವಾಗಿತ್ತಷ್ಟೆ, ಹೊಟ್ಟೆನೋವು ಶುರುವಾಯಿತು. "ಬಸುರಿಗೆ ಇದೆಲ್ಲ ಇರುವುದೇ" ಎಂದರು ಎಲ್ಲರೂ. ನೆಟ್ಟಗೆ ನಿಲ್ಲಲಾಗದೆ ಆಸ್ಪತ್ರೆಗೆ ಹೋದರೆ ಅಪೆಂಡಿಕ್ಸ್, ಇವತ್ತೇ ಆಪರೇಷನ್ ಎಂದರು. ನನ್ನ ಚಿಂತೆ ಒಂದೇ: ಒಳಗಿರುವ ಮಗು ಉಳಿಯುತ್ತದೋ ಇಲ್ಲವೋ.

ಅರಿವಳಿಕೆಯ ಡಾಕ್ಟರಮ್ಮ ಬಂದು, ಏನಾದರೂ ತಿಂದಿದ್ದೀರಾ ಎಂದು ಕೇಳಿದರು. ಏನೂ ಇಲ್ಲ ಎಂದೆ. ಸುಳ್ಳಲ್ಲ, ನಾನೂ ಈ ಊರಿನವಳೇ ತಾನೆ? ನನ್ನ ಮಾತಿಗೆ ಬಲ ಕೊಡಲು ಮಾಮಿ ಮುಂದೆ ಬಂದರು.

"ನರ್ಸ್ ಬೇಡ ಹೇಳಿದ ಮೇಲೆ ಎಂತದೂ ಕೊಡಲಿಲ್ಲ ಡಾಕ್ಟ್ರೇ. ಪಾಪ, ಈಗ ಎರಡು ಲೋಟ ತಿಳಿ ಕುಡಿಸಿದೆ, ಅಷ್ಟೆ."

"ತಿಳಿಯಲ್ಲಿ ಅಗುಳು ಉಂಟಾ ಅಮ್ಮ?"

"ಅಗುಳಿಲ್ಲದ ತಿಳಿಗೆ ಎಂತ ರುಚಿ?"

ಡಾಕ್ಟರಮ್ಮ ಬೈಯಲಿಲ್ಲ. ನನ್ನ ಪಕ್ಕ ಕುಳಿತು ಬಿಡಿಸಿ ಹೇಳಿದರು. ಮದ್ದು ಕೊಟ್ಟು ಪೂರ್ತಿ ಮಲಗಿಸಿದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಆಗ ತಾಯಿಗೂ ಅಪಾಯ, ಮಗುವಿಗೂ. ಕಾಯೋಣವೆಂದರೆ ಅಪೆಂಡಿಕ್ಸ್ ಒಡೆದೀತು. "ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಎದೆಯ ಕೆಳಗೆ ಮಾತ್ರ ಮರಗಟ್ಟಿಸ್ತೇನೆ. ನೀವು ಎಚ್ಚರ ಇರ್ತೀರಿ. ಧೈರ್ಯ ಉಂಟಲ್ಲ?" ಉಂಟು ಎಂದೆ. ಇರಲಿಲ್ಲ.

ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಕಿವಿ ಗುಂಯ್ ಎಂದಿತು, ಕಣ್ಣು ಕತ್ತಲೆ ಬಂತು. ಬಿಪಿ ಇಳಿಯುತ್ತಿದೆ ಎಂದು ಯಾರೋ ಹೇಳಿದರು. ಹಿಂದೆಯೇ ವಾಂತಿ. ಡಾಕ್ಟರಮ್ಮ ನನ್ನ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದರು, ಡ್ರಿಪ್ಪಿಗೆ ಔಷಧ ಹಾಕಿದರು. ಮಾಮಿಯ ಅಗುಳುಗಳನ್ನು ನಾನೇ ಕಣ್ಣಾರೆ ಕಂಡೆ. ಪೂರ್ತಿ ಮಲಗಿಸಿದ್ದರೆ ಅವು ಎಲ್ಲಿಗೆ ಹೋಗುತ್ತಿದ್ದವು ಎಂದು ಈಗಲೂ ಯೋಚಿಸುತ್ತೇನೆ.

"ನಾನು ಇಲ್ಲೇ ಇದ್ದೇನೆ. ಮಾತಾಡ್ತಾ ಇರಿ" ಎಂದರು ಡಾಕ್ಟರಮ್ಮ.

ಹೊಟ್ಟೆ ಕೊಯ್ಯಿಸಿಕೊಳ್ಳುವಾಗ ಮನುಷ್ಯರು ದೇವರ ನಾಮ ಹೇಳುತ್ತಾರಂತೆ. ನಾನು ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡುವ ಕ್ರಮ ಹೇಳಿದೆ. ಮೆಣಸು ಹುರಿದು, ಅರೆದು, ಹುಳಿ ಹಾಕುವವರೆಗೆ ಬಂದಾಗ ಪರದೆಯ ಆಚೆಯಿಂದ ಸರ್ಜನ್ನರ ದನಿ ಬಂತು: "ಹುಳಿ ಎಷ್ಟು ಹಾಕ್ತೀರಿ?"

ಮರುದಿನ ಸ್ಕ್ಯಾನಿನಲ್ಲಿ ಮಗುವಿನ ಹೃದಯ ಬಡಿಯುತ್ತಿತ್ತು. ನಾನು ಅತ್ತುಬಿಟ್ಟೆ. ಮಾಮಿ ಗೋಡೆ ನೋಡುತ್ತಾ ನಿಂತಿದ್ದರು. ಆಮೇಲೂ ಆ ತಿಳಿಯ ಸುದ್ದಿ ಎತ್ತಲಿಲ್ಲ. ಮರೆತರೆಂದೇ ನಾನು ತಿಳಿದುಕೊಂಡಿದ್ದೆ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಅಂಗಳದಲ್ಲಿ ಜಾರಿ ಮಾಮಿಯ ಸೊಂಟದ ಮೂಳೆ ಮುರಿಯಿತು. ಈ ವಾರ್ಡಿನಲ್ಲಿ ನಾವು ಇರುವುದು ಅದಕ್ಕೇ. ಬೆಳಿಗ್ಗೆ ಅರಿವಳಿಕೆಯ ಡಾಕ್ಟರು ಬಂದರು, ತೀರಾ ಎಳೆಯ ಪ್ರಾಯ. ಅವರು ಬಾಯಿ ತೆರೆಯುವ ಮೊದಲೇ ಮಾಮಿ ಹೇಳಿದರು: "ಎಂತದೂ ತಿನ್ನಲಿಲ್ಲ. ತಿಳಿ ಸಹ ಇಲ್ಲ."

"ತಿಳಿಯೂ ಆಗುವುದಿಲ್ಲ ಅಂತ ಯಾರು ಹೇಳಿಕೊಟ್ಟದ್ದು ಅಜ್ಜಿ?"

ಮಾಮಿ ತಡಕಾಡಿ ಪಕ್ಕದಲ್ಲಿ ನಿಂತಿದ್ದ ನನ್ನ ಮಗಳ ಕೈ ಹಿಡಿದುಕೊಂಡರು. "ಇವಳು ಹೊಟ್ಟೆಯಲ್ಲಿ ಇರುವಾಗ ಕಲಿತದ್ದು ಮಾರಾಯ."

ಈಗ ಅವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ. ಮಗಳು ಬಾಗಿಲನ್ನೇ ನೋಡುತ್ತಿದ್ದಾಳೆ.

"ಅಜ್ಜಿ ಸರಿಯಾಗ್ತಾರಲ್ಲ ಅಮ್ಮ?"

"ಆಗದೆ ಎಂತ? ನೀನು ಮನೆಗೆ ಹೋಗಿ ಗಂಜಿಗೆ ಇಡು. ಡಾಕ್ಟ್ರು ಹೂಂ ಹೇಳಿದ ಕೂಡಲೇ ತಿಳಿ ಕೊಡುವ. ಅಗುಳು ಹಾಕಿಯೇ ತಾ."