ಗೋವಾದಲ್ಲಿರುವ ಯಮನೂರ

ಅಮೀನಗಡದ ನಮ್ಮ ಓಣಿಯವರಿಗೆ ಸಾಕ್ಷಿ ಹೇಳಲು ಕರೆ ಬಂತೆಂದರೆ ಆ ದಿನ ಜ್ವರ ಬರುತ್ತದೆ, ಇಲ್ಲವೆ ಬೀಗರ ಊರಲ್ಲಿ ಯಾರಾದರೂ ತೀರಿಕೊಳ್ಳುತ್ತಾರೆ. ಅಂಥವರು ಒಂದು ದಿನ ಯಾರೂ ಕರೆಯದೆ, ಯಾರೂ ಒತ್ತಾಯ ಮಾಡದೆ, ಐದು ಜನ ಸಾಲಾಗಿ ನಿಂತು ಸರಕಾರಿ ಕಾಗದದ ಮೇಲೆ ಸಾಕ್ಷಿ ಹೇಳಿದೆವು. ಐವರೂ ಹೇಳಿದ್ದು ಸುಳ್ಳು. ಮೂರನೆಯ ಸಹಿ ನನ್ನದು: ಚಂದಪ್ಪ, ನಿವೃತ್ತ ಪೋಸ್ಟಮನ್. ಮೂವತ್ತು ವರ್ಷ ಪತ್ರ ಹಂಚಿದವನ ಮಾತಿಗೆ ತೂಕ ಹೆಚ್ಚೆಂದು, ವಿಚಾರಿಸಲು ಬಂದ ಸಾಹೇಬರು ನನ್ನ ಹೆಸರಿನ ಕೆಳಗೆ ಒಂದು ಗೆರೆಯನ್ನೂ ಎಳೆದುಕೊಂಡು ಹೋದರು.

ನಾವು ಸುಳ್ಳು ಹೇಳಿದ್ದು ಶೀಲಾಳ ಸಲುವಾಗಿ. ಶೀಲಾ ನಮ್ಮ ಓಣಿಯ ಕೊನೆಯ ಮನೆಯವಳು. ತವರು ಕೆರೂರು, ವಯಸ್ಸು ಮೂವತ್ತನಾಲ್ಕು, ಕೆಲಸ ಹೆದ್ದಾರಿ ಮೇಲಿನ ಒಂದು ಕರದಂಟಿನ ಅಂಗಡಿಯಲ್ಲಿ. ಬಿಸಿ ಬೆಲ್ಲದ ಪಾಕದಲ್ಲಿ ಅಂಟು, ಗೋಡಂಬಿ, ಉತ್ತತ್ತಿ ಕಲೆಸಿ ತಟ್ಟೆಗೆ ಹರವಿದ ಮೇಲೆ ಅದನ್ನು ಚೌಕಾಗಿ ಕತ್ತರಿಸುವುದು ಅವಳ ಪಾಲಿನ ಕೆಲಸ. ಅಳತೆಪಟ್ಟಿ ಬೇಡ, ಕಣ್ಣಳತೆಯೇ ಸಾಕು. ಅಂಗಡಿಯವರು ಅವಳು ಕೊಯ್ದ ತುಂಡುಗಳನ್ನು ತೂಕಕ್ಕೆ ಹಾಕುವುದನ್ನೇ ಬಿಟ್ಟಿದ್ದರು. ನಡೆಯುವಾಗ ಭಾಳ ಜೋರು ನಡೆಯುತ್ತಾಳೆ. ಯಾರ ಮನೆಯಲ್ಲೂ ಚಹಾಕ್ಕೆ ಕೂಡುವುದಿಲ್ಲ. ಕೂತರೆ ಮಾತು ಬರುತ್ತದೆ, ಮಾತು ಬಂದರೆ ಗಂಡನ ಸುದ್ದಿ ಬರುತ್ತದೆ ಎಂಬ ಹೆದರಿಕೆ ಅವಳಿಗೆ.

ಗಂಡ ಯಮನೂರ ಇಳಕಲ್‌ನಲ್ಲಿ ಟಂಟಂ ರಿಕ್ಷಾ ಓಡಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಅಲ್ಲಿಯ ಸ್ಟ್ಯಾಂಡಿನಲ್ಲಿ ಪಾಳಿಯ ಸಲುವಾಗಿ ಜಗಳವಾಯಿತು. ಯಮನೂರ ಜಾಕಿನ ರಾಡಿನಿಂದ ಇನ್ನೊಬ್ಬ ಡ್ರೈವರನಿಗೆ ಹೊಡೆದ. ಎಂಟನೇ ದಿನ ಆ ಮನುಷ್ಯ ದವಾಖಾನೆಯಲ್ಲಿ ತೀರಿಕೊಂಡ. ನಾನು ಯಮನೂರನನ್ನು ಸಮರ್ಥಿಸುವವನಲ್ಲ. ಸತ್ತವನಿಗೂ ಹೆಂಡತಿ ಇದ್ದಾಳೆ, ಅವಳ ಕಥೆ ಬರೆಯಲು ನನಗೆ ಧೈರ್ಯವಿಲ್ಲ. ಏಳು ವರ್ಷ ಶಿಕ್ಷೆಯಾಗಿ ಯಮನೂರ ವಿಜಯಪುರದ ಜೈಲಿಗೆ ಹೋದ.

ಅವನನ್ನು ಪೊಲೀಸರು ಹಿಡಿದ ದಿನ ಮಗಳು ರಾಧಿಕಾ ಅಪ್ಪ ಎಲ್ಲಿ ಎಂದು ಕೇಳಿದಳಂತೆ. ಆಗ ಅವಳಿಗೆ ಎಂಟು ವರ್ಷ. ಶೀಲಾಳ ಬಾಯಿಂದ ಗೋವಾ ಎಂದು ಬಂತು. ನಮ್ಮ ಕಡೆಯ ಅರ್ಧ ಜನ ಕೆಲಸಕ್ಕೆಂದು ಗೋವಾದಲ್ಲೇ ಇರುವುದರಿಂದ ಅದು ಸುಳ್ಳೆಂದು ಯಾರಿಗೂ ಅನಿಸುವಂಥದ್ದಲ್ಲ. ಮಗಳಿಗೆ ಹೇಳಿದ ಮೇಲೆ ಓಣಿಗೂ ಅದನ್ನೇ ಹೇಳಬೇಕಾಯಿತು.

ಓಣಿಗೆ ಮೊದಲ ದಿನವೇ ಎಲ್ಲ ಗೊತ್ತಿತ್ತು. ಪೇಪರಿನಲ್ಲಿ ನಾಲ್ಕು ಸಾಲು ಸುದ್ದಿ ಬಂದಿತ್ತು. ಮೀರಾಸಾಬನ ಪಂಕ್ಚರ್ ಅಂಗಡಿಯಲ್ಲಿ ಕೂತು ಎಲ್ಲರೂ ಓದಿದೆವು. ಓದಿಯಾದ ಮೇಲೆ ಆ ದಿನ ಪೇಪರೇ ಬಂದಿಲ್ಲವೆಂದು ತೀರ್ಮಾನ ಮಾಡಿದೆವು. ನನಗಂತೂ ಪೇಪರಿನ ಹಂಗೂ ಇರಲಿಲ್ಲ. ಜೈಲಿನ ಮುದ್ರೆ ಬಿದ್ದ ಪತ್ರಗಳು ತಿಂಗಳಿಗೊಂದರಂತೆ ನನ್ನ ಚೀಲದಲ್ಲೇ ಬರುತ್ತಿದ್ದವು. ಮುದ್ರೆ ಕೆಳಗೆ ಮಾಡಿ ಅವಳ ಕೈಗೇ ಕೊಡುತ್ತಿದ್ದೆ. "ಗೋವಾದಿಂದ ಬಂದೇತಿ ನೋಡವಾ" ಎನ್ನುತ್ತಿದ್ದೆ.

ಅವಳು ಎರಡು ತಿಂಗಳಿಗೊಮ್ಮೆ ಗಂಡನನ್ನು ನೋಡಲು ಹೋಗುತ್ತಿದ್ದಳು. ನಮಗೆ ಹೇಳುತ್ತಿದ್ದದ್ದು ತವರಿಗೆ, ಕೆರೂರಿಗೆ ಎಂದು. ಹತ್ತುತ್ತಿದ್ದದ್ದು ವಿಜಯಪುರದ ಬಸ್ಸು. ಮೀರಾಸಾಬ ಒಂದು ಸಲ ತಾನೇ ಆ ಬಸ್ಸು ಹತ್ತಿ ಕಿಟಕಿ ಪಕ್ಕ ಟವೆಲ್ ಹಾಸಿ, "ನಮ್ಮ ಹೆಣ್ಣಮಗಳು ಕೆರೂರಿಗೆ ಹೊಂಟಾಳ್ರಿ, ಸೀಟ ಬಿಡ್ರಿ" ಎಂದು ಕೂಗಿದ. ಕಂಡಕ್ಟರ್ ಬೋರ್ಡನ್ನೂ ಮೀರಾಸಾಬನನ್ನೂ ನೋಡಿ ಸುಮ್ಮನಾದ.

ಇನ್ನು ಗೋಡಂಬಿಯ ಸಂಗತಿ. ಗೋವಾಕ್ಕೆ ಹೋದ ಗಂಡಸು ಹಬ್ಬಕ್ಕೆ ಏನಾದರೂ ಕಳಿಸಬೇಕಲ್ಲ? ಶೀಲಾ ದೀಪಾವಳಿಗೂ ಯುಗಾದಿಗೂ ತಾನು ದುಡಿಯುವ ಅಂಗಡಿಯಲ್ಲೇ ಗೋಡಂಬಿ ಕೊಂಡು, ಬೇರೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮನೆಮನೆಗೆ ಒಂದೊಂದು ಹಿಡಿ ಹಂಚುತ್ತಿದ್ದಳು. "ಅವರು ಕಳಸ್ಯಾರ್ರಿ, ಗೋವಾದ್ದು." ಕಾಯಿಪಲ್ಲೆ ಮಾರುವ ಹನಮವ್ವಾಯಿಗೆ ಬಾಯಲ್ಲಿ ನಾಲ್ಕು ಹಲ್ಲು. ಅವಳು ಕೂಡ ಒಂದೊಂದೇ ಅಗಿದು, "ಗೋವಾದ ಮಾಲು ಗೋವಾದ್ದ ನೋಡವಾ, ನಮ್ಮೂರಾಗಿಂದು ಹಿಂಗ ಇರೂದಿಲ್ಲ" ಎನ್ನುತ್ತಿದ್ದಳು. ಇಡೀ ಓಣಿ ಹಾಗೇ ನಡೆದುಕೊಂಡಿತು. ಇದಕ್ಕಾಗಿ ನಾವು ಒಂದು ಸಭೆಯನ್ನೂ ಸೇರಲಿಲ್ಲ.

ಈ ವರ್ಷ ರಾಧಿಕಾ ಏಳನೇ ಇಯತ್ತೆಗೆ ಬಂದಳು. ಖರ್ಚು ಶೀಲಾಳ ಕೈ ಮೀರಿತು. ಅದೇ ಹೊತ್ತಿಗೆ ಅವಳ ತಮ್ಮ ಕಲ್ಲೇಶ ಫೋನು ಮಾಡಿದ. ಅವನು ಖರೆಯೇ ಗೋವಾದಲ್ಲಿರುವವನು; ಕಟ್ಟಡದ ಕೆಲಸ, ಹೆಂಡತಿಗೆ ಆಗತಾನೇ ಹೆರಿಗೆಯಾಗಿತ್ತು. "ಪರೀಕ್ಷೆ ಮುಗದ ಮ್ಯಾಲೆ ರಾಧಿಕಾನ್ನ ಕಳಸಿಬಿಡಕ್ಕಾ. ಕೂಸಿನ್ನ ನೋಡ್ಕೊಂಡು ಇರ್ತಾಳ, ಉಣ್ಣಾಕ ಏನೂ ಕಡಿಮಿಲ್ಲ." ಶೀಲಾ ಆಗಲಿ ಎನ್ನಲಿಲ್ಲ, ಬೇಡವೆನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಹುಡುಗಿ ವರ್ಗದಲ್ಲಿ ಮೊದಲನೆಯವಳು. ಗೋವಾಕ್ಕೆ ಹೋದರೆ ಅವಳ ಸಾಲಿ ಅಲ್ಲಿಗೇ ಮುಗಿಯುತ್ತಿತ್ತು.

ದಾರಿ ತೋರಿಸಿದವರು ರಾಧಿಕಾಳ ಟೀಚರ್ ಮುಬಶೀರಾ. ಶೀಲಾ ಜೀವಮಾನದಲ್ಲಿ ಗುಟ್ಟು ಬಿಚ್ಚಿದ್ದು ಅವರೊಬ್ಬರ ಮುಂದೆ, ಅದೂ ವರ್ಗದ ಕೋಣೆಯ ಬಾಗಿಲು ಹಾಕಿಸಿ. ತಂದೆಯೋ ತಾಯಿಯೋ ಜೈಲಿನಲ್ಲಿದ್ದು ಮನೆಯಲ್ಲಿ ಕಷ್ಟವಿದ್ದರೆ ಮಕ್ಕಳ ಓದಿಗೆ ಸರಕಾರ ತಿಂಗಳಿಗೆ ನಾಲ್ಕು ಸಾವಿರ ಕೊಡುತ್ತದೆ ಎಂದು ಟೀಚರ್ ಹೇಳಿದರು. ಶೀಲಾ ಜೈಲಿನಿಂದ ದಾಖಲೆ ತಂದಳು, ನವನಗರದ ಜಿಲ್ಲಾ ಕಚೇರಿಗೆ ಅರ್ಜಿ ಹಾಕಿದಳು, ಓಣಿಯಲ್ಲಿ ಯಾರ ಮುಂದೆಯೂ ಉಸಿರು ಬಿಡಲಿಲ್ಲ. ನಾಲ್ಕು ವರ್ಷ ಗಂಡ ಜೈಲಿನಲ್ಲಿಲ್ಲ ಎಂದು ನಂಬಿಸಲು ಒದ್ದಾಡಿದವಳು ಈಗ ಇದ್ದಾನೆ ಎಂದು ನಂಬಿಸಬೇಕಿತ್ತು. ಅದನ್ನೂ ಗುಟ್ಟಾಗಿಯೇ ಮಾಡಲು ಹೋದಳು.

ಅರ್ಜಿ ಹಾಕಿದವರ ಮನೆಗೆ ಮುಂಚೆ ತಿಳಿಸದೆ ಬಂದು ವಿಚಾರಿಸುವುದು ಆ ಕಚೇರಿಯ ಪದ್ಧತಿ. ಒಂದು ಮಧ್ಯಾಹ್ನ ದೇವಪ್ಪ ಎಂಬವರು ಬಂದರು. ಶೀಲಾ ಅಂಗಡಿಯಲ್ಲಿದ್ದಳು, ಮನೆಗೆ ಬೀಗ. ದೇವಪ್ಪನವರ ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಕರಿ ಬ್ಯಾಗು. ಹಿಂದೊಮ್ಮೆ ಇಂಥದೇ ಬ್ಯಾಗಿನವನೊಬ್ಬ ಬಂದುಹೋದ ಮೇಲೆ ನಮ್ಮ ಓಣಿಯ ಮೂರು ರೇಷನ್ ಕಾರ್ಡು ರದ್ದಾಗಿದ್ದವು. ಬ್ಯಾಗು ನೋಡಿದ ಕೂಡಲೇ ನಾವೆಲ್ಲ ಒಂದಾದೆವು; ಯಾತಕ್ಕೆ ಬಂದಿದ್ದೀರೆಂದು ಕೇಳಲೂ ಇಲ್ಲ.

"ಶೀಲಾ ಅನ್ನವರ ಯಜಮಾನ್ರು ಎಲ್ಲದಾರ್ರಿ?" ದೇವಪ್ಪ ಕೇಳಿದರು.

"ಗೋವಾದಾಗ" ಎಂದ ಮೀರಾಸಾಬ, ಟ್ಯೂಬು ಉಜ್ಜುವುದನ್ನು ನಿಲ್ಲಿಸದೆ.

"ಖರೆ ಹೇಳ್ರಿ. ನಮ್ಮ ಕಾಗದದಾಗ ಜೈಲು ಅಂತೈತಿ."

ಮೀರಾಸಾಬ ಎದ್ದು ನಿಂತ. "ಯಾವ ಹಲ್ಕಾ ನನ್ಮಗ ಹಾಕ್ಯಾನ್ರಿ ಆ ಕಾಗದಾ? ಹೆಣ್ಣಮಗಳು ಒಬ್ಬಾಕಿ ಅದಾಳಂತ ಬಾಯಿಗೆ ಬಂದಂಗ ಬರಿಯೂದೇನು? ಯಮನೂರ ನನ್ನ ಕಣ್ಣ ಮುಂದ ಗೋವಾದ ಬಸ್ಸು ಹತ್ಯಾನ!"

ಹನಮವ್ವಾಯಿ ಕಾಯಿಪಲ್ಲೆ ಬುಟ್ಟಿ ಇಳಿಸಿ ಬಂದಳು. "ಬಂಗಾರದಂಥಾ ಮನಷ್ಯಾರಿ ಸಾಹೇಬ್ರ. ಹಬ್ಬ ಬಂತಂದ್ರ ಇಡೀ ಓಣಿಗೆ ಗೋಡಂಬಿ ಕಳಸ್ತಾನ."

"ಹಂಗಾದ್ರ ಮನಿಗೆ ರೊಕ್ಕಾನೂ ಕಳಸ್ತಿರಬೇಕಲಾ?"

"ಓಣಿಗೆ ಗೋಡಂಬಿ ಕಳಸಾಂವ ಹೆಂಡ್ತಿಗೆ ರೊಕ್ಕಾ ಕಳಸದ ಇರ್ತಾನೇನ್ರಿ?" ಆಯಿಯ ತರ್ಕಕ್ಕೆ ದೇವಪ್ಪ ತಲೆಯಾಡಿಸಿ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಯಮನೂರನಿಂದ ಕಾಗದ ಬರುತ್ತಿದ್ದವೇ ಎಂದು ಕೇಳಿದರು. ಬರುತ್ತಿದ್ದವು, ತಿಂಗಳಿಗೊಂದು ತಪ್ಪದೆ ಎಂದೆ. ಇದೊಂದು ಮಾತಂತೂ ಖರೆಯೇ ಆಗಿತ್ತು.

ದೇವಪ್ಪ ಪೆನ್ನು ಕಚ್ಚಿಕೊಂಡು ಯೋಚಿಸಿದರು. "ಯಮನೂರ, ತಂದೆ ಹನಮಪ್ಪ. ಈ ಹೆಸರಿನವರು ಇನ್ನೊಬ್ಬರು ಇರಬಹುದೇನ್ರಿ ಈ ಕಡೆ?"

ನಾನು ಅಲ್ಲಿ ಸುಮ್ಮನಿರಬೇಕಿತ್ತು. ಆದರೆ ನನ್ನ ವಿದ್ಯೆಯನ್ನು ಕೇಳುವವರು ಸಿಕ್ಕು ಎರಡು ವರ್ಷವಾಗಿತ್ತು. "ಒಬ್ರಲ್ರಿ ಸಾಹೇಬ್ರ. ಯಮನೂರ ತಂದೆ ಹನಮಪ್ಪ ಅನ್ನವ್ರು ಸುತ್ತ ನಾಕು ಊರಾಗ ಹನ್ನೊಂದು ಮಂದಿ ಅದಾರ. ಎಲ್ಲಾರಿಗೂ ನಾನ ಟಪಾಲು ಕೊಟ್ಟೇನಿ" ಎಂದು ಊರುಗಳ ಹೆಸರನ್ನೂ ಹೇಳಿದೆ. ಅವರ ಮುಖ ಅರಳಿತು. ಜೈಲಿನ ಯಮನೂರ ಬೇರೆ, ಈ ಓಣಿಯ ಯಮನೂರ ಬೇರೆ ಎಂದು ಅವರಿಗೆ ಖಾತ್ರಿಯಾಯಿತು. ಪಾಪ, ಪ್ರಾಮಾಣಿಕ ಮನುಷ್ಯ. ಐವರ ಸಹಿ ಪಡೆದು, ಚಹಾದ ದುಡ್ಡು ತಾವೇ ಕೊಟ್ಟು ಹೋದರು. ಆ ಸಂಜೆ ನಾವೆಲ್ಲ ದೊಡ್ಡ ಕೆಲಸ ಮಾಡಿದವರ ಹಾಗೆ ಎದೆ ಉಬ್ಬಿಸಿ ತಿರುಗಾಡಿದೆವು.

ಇಪ್ಪತ್ತು ದಿನದ ಮೇಲೆ ಶೀಲಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಸರಕಾರಿ ಲಕೋಟೆ. "ಕಾಕಾ, ಇದರಾಗಿನ ಕನ್ನಡ ನನಗ ತಿಳಿವಲ್ದು, ಓದಿ ಹೇಳ್ರಿ" ಎಂದಳು. ನಾನು ಚಾಳೀಸು ಹಾಕಿಕೊಂಡು ಗಟ್ಟಿಯಾಗಿ ಶುರುಮಾಡಿದೆ. ಸ್ಥಳೀಯರ ಹೇಳಿಕೆಯ ಪ್ರಕಾರ ಅರ್ಜಿದಾರರ ಪತಿಯು ಗೋವಾ ರಾಜ್ಯದಲ್ಲಿ ದುಡಿಯುತ್ತಿದ್ದು, ಕುಟುಂಬಕ್ಕೆ ಹಣವನ್ನೂ, ನೆರೆಹೊರೆಯವರಿಗೆ ಹಬ್ಬಗಳಂದು ಗೋಡಂಬಿಯನ್ನೂ ಕಳುಹಿಸುತ್ತಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅಲ್ಲಿಗೆ ನನ್ನ ದನಿ ಇಳಿಯಿತು. ಕೆಳಗೆ ಸಾಕ್ಷಿದಾರರ ಹೆಸರುಗಳಿದ್ದವು. ಓದದೆ ಬಿಡುವಂತಿರಲಿಲ್ಲ. ಮೂರನೆಯದನ್ನೂ ಓದಿದೆ.

ಶೀಲಾ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು.

"ಕಾಕಾ, ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತವಾ."

"ಹನಮವ್ವಾಯಿಗೆ?"

"ಎಲ್ಲಾರಿಗೂ ಗೊತ್ತಿತ್ತು."

"ಮತ್ತ ಆ ಗೋಡಂಬಿ?"

"ಚಲೋ ಇರ್ತಿದ್ದೂವು" ಎಂದೆ.

ಅವಳು ನಕ್ಕಳು, ನಗುತ್ತಲೇ ಅಳಲು ಶುರುಮಾಡಿದಳು, ಆಮೇಲೆ ಸಿಟ್ಟಿಗೆದ್ದಳು. "ನಾಕು ವರ್ಷ ಒಬ್ಬಾಕೀನ ಸತ್ತೇನ್ರೀ ನಾ! ಒಬ್ಬರರ ಬಂದು, ಗೊತ್ತೈತಿ ಶೀಲಾ, ಅಳಬ್ಯಾಡ ಅಂತ ಒಂದ ಮಾತು ಅನಬಾರದಿತ್ತೇನು?" ನಾಚಿಕೆಯಿಂದ ನನ್ನ ಮೋರೆ ಮೇಲೇಳಲಿಲ್ಲ. ನಾವು ಅವಳ ಮಾನ ಕಾಯ್ದೆವೆಂದುಕೊಂಡಿದ್ದೆವು. ಅವಳನ್ನು ನಾಲ್ಕು ವರ್ಷ ಒಂಟಿ ಮಾಡಿ ಕೂಡಿಸಿದ್ದೆವು, ಅಷ್ಟೇ.

ಹೋಗುವಾಗ ಬಾಗಿಲಲ್ಲಿ ನಿಂತು ಅವಳು ಒಂದೇ ಮಾತು ಕೇಳಿಕೊಂಡಳು. "ಓಣಿಗೆ ಗೊತ್ತಿದ್ರ ಇರ್ಲಿ ಕಾಕಾ. ರಾಧಿಕಾಗ ಮಾತ್ರ ತಿಳೀಬಾರದು. ಆಕಿ ಇನ್ನಾ ಅಪ್ಪ ಗೋವಾದಾಗ ಅದಾನಂತ ನಂಬ್ಯಾಳ."

ಮುಬಶೀರಾ ಟೀಚರ್ ಓಡಾಡಿ, ಅರ್ಜಿಯನ್ನು ಮತ್ತೊಮ್ಮೆ ನೋಡುವಂತೆ ಮಾಡಿದರು. ನವನಗರದಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಾಯಿ, ಮಗಳು ಮತ್ತು ಇಬ್ಬರು ಸಾಕ್ಷಿದಾರರು ಬರಬೇಕೆಂದು ಕಚೇರಿಯಿಂದ ಹೇಳಿಕಳಿಸಿದರು. ನಾನೂ ಹನಮವ್ವಾಯಿಯೂ ಹೊರಟೆವು. ಬಸ್ಸಿನಲ್ಲಿ ರಾಧಿಕಾ ಕಿಟಕಿ ಪಕ್ಕ ಕೂತು ವಿಜ್ಞಾನದ ಪುಸ್ತಕ ಓದುತ್ತಿದ್ದಳು. ಇದೊಂದು ಸ್ಕಾಲರ್‌ಶಿಪ್ಪಿನ ಪರೀಕ್ಷೆ ಎಂದು ಅವಳಿಗೆ ಹೇಳಿದ್ದರು. ಹುಡುಗಿಯನ್ನು ಹೊರಗೆ ಕೂಡಿಸಿ ನಾವಿಬ್ಬರು ಒಳಗೆ ಖರೆ ಹೇಳಿ ಮುಗಿಸುವುದೆಂದು ನಮ್ಮ ಯೋಜನೆ. ಕಲ್ಲೇಶ ಮುಂದಿನ ವಾರವೇ ಬಂದು ಅವಳನ್ನು ಕರೆದೊಯ್ಯುವವನಿದ್ದ.

ಸಮಿತಿಯ ಅಧ್ಯಕ್ಷರು ನಡುವಯಸ್ಸಿನ ಹೆಣ್ಣುಮಗಳು. ನನ್ನ ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. "ಹೋದ ಸಲ ಗೋವಾ ಅಂದ್ರಿ, ಈ ಸಲ ಜೈಲು ಅಂತೀರಿ. ಮುಂದಿನ ಸಲ ದುಬೈ ಅಂತೀರೇನ್ರಿ ಅಜ್ಜಾರ?" ಎಂದರು. ಹನಮವ್ವಾಯಿ ದೇವರ ಮೇಲೆ ಆಣೆಯಿಡಲು ಹೋದಳು. ಹೋದ ಸಲವೂ ಇಟ್ಟಿದ್ದಳೆಂದು ದೇವಪ್ಪ ಮೆಲ್ಲಗೆ ನೆನಪಿಸಿದರು. ಕೊನೆಗೆ ಅಧ್ಯಕ್ಷರು, "ನಿಮ್ಮನ್ನ ನಂಬೂದು ಸಾಕು. ಹುಡುಗೀನ್ನ ಕರೀರಿ" ಎಂದರು. ಶೀಲಾ ಬೇಡ ಎಂದು ಕೈ ಮುಗಿದಳು. ಮಗುವಿನ ಮಾತು ಕೇಳದೆ ಕಾಗದ ಮುಂದೆ ಹೋಗುವುದಿಲ್ಲ ಎಂದರು ಅಧ್ಯಕ್ಷರು.

ರಾಧಿಕಾ ಒಳಗೆ ಬಂದು ನಿಂತಳು. ಎರಡು ಜಡೆ, ಎಣ್ಣೆ ಹಚ್ಚಿದ ತಲೆ.

"ನಿಮ್ಮಪ್ಪ ಎಲ್ಲದಾನವಾ?"

ಹುಡುಗಿ ತಾಯಿಯ ಮುಖ ನೋಡಿದಳು. "ಗೋವಾದಾಗ ಅದಾನ್ರಿ."

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ದೇವಪ್ಪ ತಮ್ಮ ಫೈಲು ಮುಚ್ಚಿದರು. ಎಲ್ಲ ಮುಗಿಯಿತೆಂದುಕೊಂಡೆ.

"ಅವ್ವಾ" ಎಂದಳು ರಾಧಿಕಾ. "ಗಂಟಲಾ ಒಣಗೇತಿ. ಹೊರಗಿಂದ ಒಂದೀಟು ನೀರು ತೊಗೊಂಬಾ."

ಶೀಲಾ ಎದ್ದು ಹೋದಳು. ಬಾಗಿಲು ಮುಚ್ಚಿಕೊಂಡ ಮೇಲೆ ಹುಡುಗಿ ಟೇಬಲ್ಲಿನ ಹತ್ತಿರ ಬಂದು, ಪಾಠ ಒಪ್ಪಿಸುವವಳಂತೆ ಗಡಬಡಿಸಿ ಹೇಳಿದಳು. "ನಮ್ಮಪ್ಪ ವಿಜಯಪುರ ಜೈಲಿನ್ಯಾಗ ಅದಾನ್ರಿ ಮೇಡಂ. ಒಂದು ಕೊಲಿ ಆಗೇತಿ. ಅವ್ವ ಟ್ರಂಕಿನ್ಯಾಗ ಇಟ್ಟಿದ್ದ ಕಾಗದಾ ಎಲ್ಲಾ ನಾ ಓದೇನಿ, ಮೂರನೇ ಇಯತ್ತೇದಾಗ ಇದ್ದಾಗಿಂದ. ನನಗ ಗೊತ್ತೈತಿ ಅಂತ ಅವ್ವಗ ಹೇಳಬ್ಯಾಡ್ರಿ. ಆಕಿ ನನ್ನ ಸಲುವಾಗಿ ಇಷ್ಟ ವರ್ಷ ಸುಳ್ಳ ಹೇಳ್ಯಾಳ. ಗೊತ್ತಾದ್ರ ಆಕಿ ತಡಕೊಳ್ಳೂದಿಲ್ಲ." ಆಮೇಲೆ, "ಮಾಮಾನ ಮನಿಗೆ ಹೋಗಾಕ ನನಗ ಮನಸ್ಸಿಲ್ರಿ. ನಾ ಸಾಲಿಗೆ ಹೋಗ್ತೇನಿ" ಎಂದಳು.

ಹನಮವ್ವಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಧ್ಯಕ್ಷರು ಪೆನ್ನು ತೆಗೆದುಕೊಂಡು ಎರಡು ಸಾಲು ಬರೆದು, ಮಂಜೂರು ಎಂದು ಕೆಳಗೆ ಸಹಿ ಹಾಕಿದರು.

ಶೀಲಾ ನೀರಿನ ಬಾಟಲಿ ಹಿಡಿದು ಬಂದಳು. ಎಲ್ಲರ ಮುಖ ನೋಡಿ, ಬಾಗಿಲಲ್ಲೇ ನಿಂತು, ಮಗಳು ಏನು ಹೇಳಿದಳೆಂದು ಹೆದರುತ್ತ ಕೇಳಿದಳು.

"ಗೋವಾದಾಗ ಅದಾನಂತ ಹೇಳಿದ್ಳು" ಎಂದರು ಅಧ್ಯಕ್ಷರು. "ಮಂಜೂರ ಮಾಡೇವಿ. ಇಲ್ಲಿ ಸಹಿ ಮಾಡವಾ."